ಚುಕ್ಕಿ ಬಿದ್ದರೆ ಯಾರಾದರೂ ಸಾಯುತ್ತಾರೆಯೇ? ಕೆಂಚನಗುಡ್ಡದಲ್ಲಿ ಒಂದು ರಾತ್ರಿಯ ಎಣಿಕೆ

2023ರ ಡಿಸೆಂಬರ್ 14, ಗುರುವಾರ ರಾತ್ರಿ. ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡದಲ್ಲಿ ತುಂಗಭದ್ರೆಯ ದಡದಿಂದ ತುಸು ದೂರ, ಭತ್ತ ಕೊಯ್ದ ಗದ್ದೆಯೊಂದರಲ್ಲಿ ನಾವು ನಾಲ್ವರು ತಾಡಪತ್ರಿ ಹಾಸಿಕೊಂಡು ಮಲಗಿದ್ದೆವು. ಡಿಗ್ರಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಈಗ ಒಬ್ಬೊಬ್ಬರದು ಒಂದೊಂದು ಊರು. ಅಮಾವಾಸ್ಯೆ ಕಳೆದು ಎರಡು ದಿನವಾಗಿತ್ತು. ಎಳೆ ಚಂದ್ರ ಸಂಜೆಯೇ ಮುಳುಗಿದ್ದ. ಆ ರಾತ್ರಿ ಜೆಮಿನಿಡ್ ಉಲ್ಕಾವೃಷ್ಟಿ ತುತ್ತತುದಿ ಮುಟ್ಟುವುದು ನಮ್ಮ ಗಡಿಯಾರದಲ್ಲಿ ಮಧ್ಯರಾತ್ರಿಯ ಹೊತ್ತಿಗೇ ಎಂದು ಓದಿ, ಅದಕ್ಕಾಗಿಯೇ ಸೇರಿದ್ದೆವು.

ಒಂದೊಂದು ಉಲ್ಕೆ ಗೀರಿದಾಗಲೂ ಮೂವರು "ನೋಡಲೇ, ಬಿತ್ತು!" ಎಂದು ಕೂಗುತ್ತಿದ್ದೆವು. ನಾಲ್ಕನೆಯವನು ಸುಮ್ಮನಿದ್ದ. ಯಾಕೆಂದು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಬಿಟ್ಟು ಹೇಳಿದ. ಅವನ ಅಪ್ಪ ತೀರಿಕೊಂಡು ಅವತ್ತಿಗೆ ಸರಿಯಾಗಿ ಹನ್ನೊಂದು ವರ್ಷ. 2012ರ ಡಿಸೆಂಬರ್ 13ರ ರಾತ್ರಿ, ಎರಡು ಗಂಟೆ ಸುಮಾರಿಗೆ, ಆಸ್ಪತ್ರೆಯ ಆವರಣದಲ್ಲಿ ಚಾದರ ಹಾಸಿಕೊಂಡು ಮಲಗಿದ್ದಾಗ ಅವನಿಗೆ ಒಂದು ದೊಡ್ಡ ಚುಕ್ಕಿ ಬೀಳುವುದು ಕಂಡಿತ್ತು. ಮರುದಿನ ಮಧ್ಯಾಹ್ನ ಅಪ್ಪ ಹೋದರು. ಸಾವಿನ ಮನೆಯಲ್ಲಿ ಆ ಮಾತು ಬಂದಾಗ ಅಜ್ಜಿ ಕೇಳಿದರಂತೆ: "ನಿನಗ ಕಂಡಿತ್ತಲ್ಲಪ್ಪ, ಮತ್ಯಾಕ ಯಾರಿಗೂ ಹೇಳಲಿಲ್ಲ? ಮೂರು ಸಲ ಉಗುಳಿದ್ರ ಆಗ್ತಿತ್ತು."

ಅಜ್ಜಿ ಅದನ್ನು ದುಃಖದಲ್ಲಿ ಅಂದಿದ್ದರು. ಆಮೇಲೆ ಮರೆತೂ ಇರಬಹುದು. ಹದಿನೇಳರ ಹುಡುಗ ಮರೆತಿರಲಿಲ್ಲ. ಎಂಜಿನಿಯರಿಂಗ್ ಕಂಪನಿಯಲ್ಲಿ ಕೆಲಸ ಮಾಡುವ, ದಿನವೂ ಲೆಕ್ಕ ಬರೆಯುವ ಗೆಳೆಯ ಹೇಳಿದ: "ಸುಳ್ಳು ಅಂತ ಗೊತ್ತೈತಿ. ಆದ್ರೂ ಹೋಗವಲ್ದು."

"ಸುಳ್ಳು" ಎಂದಷ್ಟೇ ಹೇಳಿದರೆ ಇಂಥ ನಂಬಿಕೆ ಹೋಗುವುದಿಲ್ಲ. ಅದು ಯಾಕೆ ನಿಜದಂತೆ ಕಾಣುತ್ತದೆ ಎಂಬುದು ಗೊತ್ತಾದರೆ ಹೋಗಬಹುದು.

ಬೀಳುವುದು ಏನು?

ಮೊದಲು ಸುಲಭದ ಭಾಗ. ಬೀಳುವುದು ನಕ್ಷತ್ರವಲ್ಲ. ನಕ್ಷತ್ರವೆಂದರೆ ಸೂರ್ಯನಂಥ ಕಾಯ. ನಮ್ಮ ಸೂರ್ಯನ ಹೊಟ್ಟೆಯೊಳಗೆ ಸುಮಾರು 13 ಲಕ್ಷ ಭೂಮಿಗಳು ಹಿಡಿಯುತ್ತವೆ. ಅವನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರದ ಬೆಳಕು ಇಲ್ಲಿಗೆ ತಲುಪಲು ನಾಲ್ಕು ವರ್ಷಕ್ಕೂ ಹೆಚ್ಚು ಬೇಕು. ಅಂಥದ್ದೊಂದು "ಬಿದ್ದರೆ" ಸುದ್ದಿ ಹೇಳಲು ಯಾರೂ ಉಳಿಯುವುದಿಲ್ಲ. ಉಲ್ಕಾವೃಷ್ಟಿಯ ಮರುದಿನ ಆಕಾಶ ನೋಡಿ: ಹಿಂದಿನ ದಿನ ಇದ್ದ ಚುಕ್ಕಿಗಳೆಲ್ಲ ಅಲ್ಲೇ ಇರುತ್ತವೆ.

ಬೀಳುವುದು ಧೂಳು. ಮರಳಿನ ಹರಳಿನಷ್ಟು, ಹೆಚ್ಚೆಂದರೆ ಕಡಲೆಕಾಳಿನಷ್ಟು ದೊಡ್ಡ ಕಣಗಳು. ಜೆಮಿನಿಡ್ ಕಣ ನಮ್ಮ ವಾತಾವರಣಕ್ಕೆ ನುಗ್ಗುವ ವೇಗ ಸೆಕೆಂಡಿಗೆ ಸುಮಾರು 35 ಕಿಲೋಮೀಟರ್. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಸ್ಸಿನಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು. ಈ ಕಣಕ್ಕೆ ಎರಡು ಸೆಕೆಂಡು ಸಾಕು. ನೂರು ಕಿಲೋಮೀಟರ್ ಆಸುಪಾಸಿನ ಎತ್ತರದಲ್ಲಿ ಗಾಳಿಯ ಅಣುಗಳಿಗೆ ಅಪ್ಪಳಿಸಿದ ರಭಸಕ್ಕೆ ಕಣ ಆವಿಯಾಗುತ್ತದೆ. ಆ ಆವಿ ಮತ್ತು ಸುತ್ತಲಿನ ಗಾಳಿ ಕಾದು ಹೊಳೆಯುತ್ತವೆ. ನಾವು ನೋಡುವುದು ಆ ಹೊಳಪಿನ ಗೀರನ್ನು.

ಹೀಗೆ ಭೂಮಿಗೆ ದಿನಕ್ಕೆ ಹತ್ತಾರು ಟನ್ ಬಾಹ್ಯಾಕಾಶದ ಧೂಳು ಬರುತ್ತಲೇ ಇರುತ್ತದೆ. ವರ್ಷದ ಯಾವ ರಾತ್ರಿಯಲ್ಲಾದರೂ ಕತ್ತಲ ಜಾಗದಲ್ಲಿ ಒಂದು ಗಂಟೆ ಮಲಗಿ ನೋಡಿದರೆ ಕೆಲವಾದರೂ ಉಲ್ಕೆಗಳು ಕಾಣುತ್ತವೆ. ಕೆಲವು ದಿನಗಳಲ್ಲಿ ಮಾತ್ರ ಭೂಮಿ ಧೂಳಿನ ದಟ್ಟ ದಾರಿಯೊಂದನ್ನು ಹಾಯುತ್ತದೆ. ಆಗ ಬರುವುದೇ ಉಲ್ಕಾವೃಷ್ಟಿ. ಹೆಚ್ಚಿನವು ಧೂಮಕೇತುಗಳು ಬಿಟ್ಟುಹೋದ ದಾರಿಗಳು. ಅಕ್ಟೋಬರ್‌ನ ಓರಿಯನಿಡ್ ಹ್ಯಾಲಿ ಧೂಮಕೇತುವಿನದು, ಆಗಸ್ಟ್‌ನ ಪರ್ಸಿಯಿಡ್ ಸ್ವಿಫ್ಟ್-ಟಟಲ್ ಧೂಮಕೇತುವಿನದು. ಜೆಮಿನಿಡ್ ಮಾತ್ರ ಬೇರೆ. ಅದರ ಮೂಲ ಫೇಥಾನ್ ಎಂಬ, ಕ್ಷುದ್ರಗ್ರಹದಂತೆ ಕಾಣುವ ಐದಾರು ಕಿಲೋಮೀಟರ್ ಅಗಲದ ಕಲ್ಲು. 1983ರಲ್ಲಿ ಐರಾಸ್ ಉಪಗ್ರಹದ ಮಾಹಿತಿಯಲ್ಲಿ ಪತ್ತೆಯಾದ ಇದು ಸುಮಾರು 1.4 ವರ್ಷಕ್ಕೊಮ್ಮೆ ಸೂರ್ಯನಿಗೆ 2 ಕೋಟಿ ಕಿಲೋಮೀಟರ್‌ನಷ್ಟು ಹತ್ತಿರ ಹೋಗಿ ಬರುತ್ತದೆ. ಭೂಮಿ ಪ್ರತಿ ವರ್ಷ ಡಿಸೆಂಬರ್ ನಡುವಿನಲ್ಲಿ ಈ ಧೂಳಿನ ದಾರಿಯನ್ನು ದಾಟುತ್ತದೆ. ಅಂದರೆ ಉಲ್ಕಾವೃಷ್ಟಿಯ ದಿನಾಂಕವನ್ನು ವರ್ಷಗಳ ಮೊದಲೇ ಹೇಳಬಹುದು. ನಮ್ಮ ಮನೆಗಳಲ್ಲಿ ಯಾರ ಆರೋಗ್ಯ ಹೇಗಿದೆ ಎಂಬುದನ್ನು ಆ ಕಲ್ಲು ಕೇಳಿ ಬರುವುದಿಲ್ಲ.

ಕಲ್ಲೇ ನೆಲಕ್ಕೆ ಬೀಳುವುದು ಬೇರೆ ಸಂಗತಿ. ದೊಡ್ಡ ತುಂಡುಗಳು ಪೂರ್ತಿ ಉರಿಯದೆ ನೆಲ ಮುಟ್ಟಿದರೆ ಅವನ್ನು ಉಲ್ಕಾಶಿಲೆ ಎನ್ನುತ್ತಾರೆ. 1865ರಲ್ಲಿ ಮದ್ದೂರಿನಲ್ಲಿ, 1866ರಲ್ಲಿ ಉಡುಪಿಯಲ್ಲಿ ಬಿದ್ದ ಕಲ್ಲುಗಳು ಉಲ್ಕಾಶಿಲೆಗಳ ಪಟ್ಟಿಯಲ್ಲಿವೆ. ಉಲ್ಕಾವೃಷ್ಟಿಯ ಮರಳಿನ ಕಣಗಳು ಮಾತ್ರ ಮೇಲೆಯೇ ಮುಗಿದುಹೋಗುತ್ತವೆ. ಕೆಳಗೆ ಮಲಗಿದವರು ಹೆದರಬೇಕಾಗಿಲ್ಲ.

ಒಂದು ಉಲ್ಕೆ, ಎಷ್ಟು ಊರು?

ನಮ್ಮ ಗೆಳೆಯನಿಗೆ ಮೊದಲು ಹಿಡಿಸಿದ್ದು ಎತ್ತರದ ಲೆಕ್ಕ. ನೂರು ಕಿಲೋಮೀಟರ್ ಮೇಲೆ ಹೊಳೆದದ್ದು ಒಂದೇ ಊರಿಗೆ ಕಾಣುವುದಿಲ್ಲ. ಕೆಂಚನಗುಡ್ಡದ ನೆತ್ತಿಯ ಮೇಲೆ ಗೀರಿದ ಪ್ರಕಾಶಮಾನ ಉಲ್ಕೆ ಬಳ್ಳಾರಿಗೆ ಕಾಣುತ್ತದೆ, ಹೊಳೆಯಾಚೆಯ ರಾಯಚೂರು ಜಿಲ್ಲೆಗೆ ಕಾಣುತ್ತದೆ. ಸುಮಾರು 190 ಕಿಲೋಮೀಟರ್ ದೂರದ ಹುಬ್ಬಳ್ಳಿಯಿಂದಲೂ, ಅಷ್ಟೇ ದೂರದ ಕಲಬುರಗಿಯಿಂದಲೂ ದಿಗಂತಕ್ಕಿಂತ ಸಾಕಷ್ಟು ಮೇಲೆಯೇ ಕಾಣುತ್ತದೆ. ಈ ಹರವಿನಲ್ಲಿ ಕೋಟಿಗಟ್ಟಲೆ ಜನರಿದ್ದಾರೆ.

ಅದು ಒಂದು ಮನೆಯ ಸಾವಿನ ಸೂಚನೆಯಾಗಿದ್ದರೆ, ಇಷ್ಟು ಜನರಲ್ಲಿ ಯಾರ ಮನೆಯದು? ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6 ಕೋಟಿ ಜನ ಸಾಯುತ್ತಾರೆ. ಅಂದರೆ ಪ್ರತಿ ನಿಮಿಷಕ್ಕೆ ನೂರಕ್ಕೂ ಹೆಚ್ಚು. "ಚುಕ್ಕಿ ಬಿದ್ದಾಗ ಎಲ್ಲೋ ಒಬ್ಬರು ಸಾಯುತ್ತಾರೆ" ಎಂಬ ಮಾತು ಹಾಗೆ ನೋಡಿದರೆ ಯಾವಾಗಲೂ ನಿಜ. ಚುಕ್ಕಿ ಬೀಳದಿದ್ದಾಗಲೂ ಅಷ್ಟೇ ನಿಜ. ಬಾಗಿಲು ಕಿರುಗುಟ್ಟಿದಾಗ, ನಾಯಿ ಬೊಗಳಿದಾಗ, ಬಸ್ಸು ಹಾರ್ನ್ ಹೊಡೆದಾಗ ಕೂಡ ಎಲ್ಲೋ ಒಬ್ಬರು ಸಾಯುತ್ತಿರುತ್ತಾರೆ.

ಹಾಗಾದರೆ ನಂಬಿಕೆ ಬಂದದ್ದು ಎಲ್ಲಿಂದ?

ಹಿಂದಿನವರು ತಿಳಿಗೇಡಿಗಳು ಎಂದರೆ ಉತ್ತರ ಸಿಕ್ಕಂತಾಗುವುದಿಲ್ಲ. ಅಜ್ಜಿ ಸುಳ್ಳು ಹೇಳಿರಲಿಲ್ಲ. ಸಾವಿನ ಹಿಂದು ಮುಂದಿನ ರಾತ್ರಿಗಳಲ್ಲಿ ಚುಕ್ಕಿ ಬಿದ್ದದ್ದನ್ನು ಅವರು ತಮ್ಮ ಜೀವನದಲ್ಲಿ ನಿಜವಾಗಿಯೂ ನೋಡಿರಬೇಕು. ಅದಕ್ಕೆ ಕಾರಣ ಆಕಾಶದಲ್ಲಿಲ್ಲ, ಅಂಗಳದಲ್ಲಿದೆ.

ಯೋಚಿಸಿ: ನಾವು ನಡುರಾತ್ರಿ ಎರಡು ಗಂಟೆಗೆ ಹೊರಗೆ ಕೂತು ಆಕಾಶ ನೋಡುವುದು ಯಾವಾಗ? ಸಾಮಾನ್ಯ ದಿನಗಳಲ್ಲಿ ಒಳಗೆ ನಿದ್ದೆ ಮಾಡುತ್ತಿರುತ್ತೇವೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದಾಗ ನಿದ್ದೆ ಬರುವುದಿಲ್ಲ. ಎದ್ದು ಅಂಗಳಕ್ಕೆ ಬರುತ್ತೇವೆ. ಆಸ್ಪತ್ರೆಯಲ್ಲಿ ವಾರ್ಡಿನ ಒಳಗೆ ಒಬ್ಬರಿಗೇ ಜಾಗ. ಉಳಿದವರು ಹೊರಗೆ ಮಲಗುತ್ತಾರೆ. ಸಾವಾದ ಮನೆಯ ಮುಂದೆ ಊರಿನವರು ಬೆಳಗಿನ ತನಕ ಕೂತಿರುತ್ತಾರೆ, ಭಜನೆ ನಡೆಯುತ್ತದೆ. ಅಂದರೆ ಸಾವು ಹತ್ತಿರ ಬಂದಾಗಲೇ ನಾವು ರಾತ್ರಿಯಿಡೀ ಬಯಲಿನಲ್ಲಿ ಎಚ್ಚರವಾಗಿರುತ್ತೇವೆ. ಎಚ್ಚರವಾಗಿದ್ದವರಿಗೆ ಉಲ್ಕೆ ಕಾಣುತ್ತದೆ. ಚುಕ್ಕಿ ಸಾವನ್ನು ಕರೆಯಲಿಲ್ಲ. ಮನೆಯವರು ಎಚ್ಚರವಿದ್ದದ್ದು ಕಾಯಿಲೆಯ ಕಾರಣಕ್ಕೆ, ಸಾವು ಬಂದದ್ದೂ ಅದೇ ಕಾರಣಕ್ಕೆ. ಎರಡು ಘಟನೆಗಳು ಜೊತೆಯಾಗಿ ಬಂದಾಗ ಒಂದು ಇನ್ನೊಂದಕ್ಕೆ ಕಾರಣ ಎಂದುಕೊಳ್ಳುವ ಮೊದಲು ಎರಡಕ್ಕೂ ಹಿಂದೆ ಮೂರನೆಯದೊಂದು ಇದೆಯೇ ಎಂದು ವೈದ್ಯಕೀಯ ಸಂಶೋಧಕರು ಮೊದಲು ಹುಡುಕುವುದು ಇದಕ್ಕಾಗಿಯೇ.

ಗೆಳೆಯನ ವಿಷಯದಲ್ಲಿ ಇನ್ನೊಂದು ಸಂಗತಿಯಿತ್ತು. 2012ರ ಡಿಸೆಂಬರ್ 13 ಕೂಡ ಜೆಮಿನಿಡ್ ರಾತ್ರಿಯೇ. ಅದೇ ದಿನ ಅಮಾವಾಸ್ಯೆ ಬೇರೆ. ಅಂಥ ರಾತ್ರಿ ಪಟ್ಟಣದ ಬೆಳಕಿನ ನಡುವೆಯೂ, ಆಕಾಶ ತೆರೆದಿದ್ದರೆ, ಎರಡು ಗಂಟೆ ಹೊತ್ತಿಗೆ ಐದಾರು ಪ್ರಕಾಶಮಾನ ಉಲ್ಕೆಗಳು ಒಂದು ಗಂಟೆಯಲ್ಲಿ ಕಾಣುವ ಸಾಧ್ಯತೆ ಇರುತ್ತದೆ. ಅಂಗಾತ ಮಲಗಿ ನಿದ್ದೆ ಬಾರದೆ ಹೊರಳುತ್ತಿದ್ದ ಹುಡುಗನಿಗೆ ಒಂದೂ ಕಾಣದಿದ್ದರೇ ಆಶ್ಚರ್ಯ. ತಿಂಗಳುಗಳಿಂದ ಕಿಡ್ನಿ ಕಾಯಿಲೆಯಿಂದ ನರಳುತ್ತಿದ್ದ ಅಪ್ಪನಿಗೆ ಉಗುಳುವುದರಿಂದ ಏನೂ ಆಗುತ್ತಿರಲಿಲ್ಲ.

ಉಳಿದ ಕೆಲಸವನ್ನು ನಮ್ಮ ನೆನಪು ಮಾಡುತ್ತದೆ. ಒಂದು ಹಾಳೆಯನ್ನು ನಾಲ್ಕು ಮನೆ ಮಾಡಿ. ಒಂದರಲ್ಲಿ "ಚುಕ್ಕಿ ಬಿತ್ತು, ಸಾವಾಯಿತು". ಎರಡರಲ್ಲಿ "ಚುಕ್ಕಿ ಬಿತ್ತು, ಏನೂ ಆಗಲಿಲ್ಲ". ಮೂರರಲ್ಲಿ "ಚುಕ್ಕಿ ಕಾಣಲಿಲ್ಲ, ಆದರೂ ಸಾವಾಯಿತು". ನಾಲ್ಕರಲ್ಲಿ "ಚುಕ್ಕಿಯೂ ಇಲ್ಲ, ಸಾವೂ ಇಲ್ಲ". ನಂಬಿಕೆ ನಿಜವೋ ಸುಳ್ಳೋ ತಿಳಿಯಲು ನಾಲ್ಕೂ ಮನೆಗಳ ಲೆಕ್ಕ ಬೇಕು. ನಮ್ಮ ತಲೆಯಲ್ಲಿ ಉಳಿಯುವುದು ಮೊದಲನೆಯದು ಮಾತ್ರ. "ನಿನ್ನೆ ಚುಕ್ಕಿ ಬಿತ್ತು, ಇವತ್ತು ಎಲ್ಲರೂ ಚೆನ್ನಾಗಿದ್ದೇವೆ" ಎಂದು ಯಾರೂ ಕಥೆ ಹೇಳುವುದಿಲ್ಲ. ಕನಸು ನಿಜವಾದದ್ದು, ಬೆಕ್ಕು ಅಡ್ಡ ಬಂದದ್ದು, ಹಲ್ಲಿ ಲೊಚಗುಟ್ಟಿದ್ದು, ಎಲ್ಲವೂ ಬದುಕಿರುವುದು ಇದೇ ಮೊದಲ ಮನೆಯಲ್ಲಿ.

ಹೆದರಿದವರು ಮತ್ತು ಎಣಿಸಿದವರು

ಉಲ್ಕೆ ಎಂಬ ಸಂಸ್ಕೃತ ಪದಕ್ಕೆ ಕೊಳ್ಳಿ, ಪಂಜು ಎಂಬ ಅರ್ಥವೂ ಇದೆ. ಆರನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಉಲ್ಕೆಗಳಿಗೇ ಒಂದು ಅಧ್ಯಾಯ ಕೊಟ್ಟಿದ್ದಾನೆ. ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆ ಮಾಡಿ ಒಂದೊಂದರ ರೂಪವನ್ನು ವರ್ಣಿಸುತ್ತಾನೆ. ಸ್ವರ್ಗದಲ್ಲಿ ಪುಣ್ಯ ತೀರಿಸಿಕೊಂಡು ಕೆಳಗೆ ಬೀಳುವ ಜೀವಗಳೇ ಉಲ್ಕೆಗಳು ಎಂಬ ವಿವರಣೆಯೂ ಅಲ್ಲಿದೆ, ಶಕುನಗಳೂ ಇವೆ. ಆಕಾರ, ಬಾಲ, ಸದ್ದು ಇವುಗಳ ವಿವರ ನೋಡಿದವರ ಕಣ್ಣಿನದು. ಅದಕ್ಕೆ ಅಂಟಿಸಿದ ಫಲ ಬೇರೆಯೇ ವಿಷಯ.

ಹೆದರಿಕೆ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. 1833ರ ನವೆಂಬರ್ 13ರ ಬೆಳಗಿನ ಜಾವ ಅಮೆರಿಕದಲ್ಲಿ ಲಿಯೊನಿಡ್ ಉಲ್ಕೆಗಳು ಮಳೆಯಂತೆಯೇ ಸುರಿದವು. ಪ್ರಳಯವೇ ಬಂತೆಂದು ಜನ ಪ್ರಾರ್ಥನೆಗೆ ಕೂತರು. ಯೇಲ್ ಕಾಲೇಜಿನ ಅಧ್ಯಾಪಕ ಡೆನಿಸನ್ ಓಲ್ಮ್‌ಸ್ಟೆಡ್ ಮಾತ್ರ ಪತ್ರಿಕೆಯ ಮೂಲಕ ಜನರನ್ನು ಕೇಳಿದ: ನೀವು ಏನು ನೋಡಿದಿರಿ, ಎಷ್ಟು ಹೊತ್ತಿಗೆ, ಯಾವ ದಿಕ್ಕಿನಲ್ಲಿ? ಬೇರೆ ಬೇರೆ ಊರುಗಳಿಂದ ಬಂದ ಉತ್ತರಗಳನ್ನು ಹೊಂದಿಸಿದಾಗ ಎಲ್ಲ ಉಲ್ಕೆಗಳೂ ಸಿಂಹ ರಾಶಿಯ ಒಂದೇ ಬಿಂದುವಿನಿಂದ ಹೊರಟಂತೆ ಕಂಡಿದ್ದವು. ಅಂದರೆ ಅವು ಹೊರಗಿನಿಂದ, ಒಟ್ಟಾಗಿ, ಒಂದೇ ದಿಕ್ಕಿನಿಂದ ಬಂದಿದ್ದವು. ರೈಲು ಹಳಿಗಳು ದೂರದಲ್ಲಿ ಕೂಡಿದಂತೆ ಕಾಣುವ ಹಾಗೆ ಸಮಾನಾಂತರ ದಾರಿಗಳು ಒಂದು ಬಿಂದುವಿನಲ್ಲಿ ಸೇರಿದಂತೆ ಕಾಣುತ್ತವೆ. ಉಲ್ಕಾವೃಷ್ಟಿಯ ವಿಜ್ಞಾನ ಬೆಳೆದದ್ದು ಹೀಗೆ, ಹೆದರುವ ಬದಲು ಬರೆದಿಟ್ಟವರಿಂದ.

ಪತ್ರಿಕೆಯ "ಗಂಟೆಗೆ 120" ಎಲ್ಲಿ ಹೋಯಿತು?

ಎಣಿಕೆ ಇನ್ನೊಂದು ತಪ್ಪು ಕಲ್ಪನೆಯನ್ನೂ ತಿದ್ದುತ್ತದೆ. "ಇಂದು ರಾತ್ರಿ ಗಂಟೆಗೆ 120 ಉಲ್ಕೆ" ಎಂದು ಸುದ್ದಿ ಓದಿ, ಮಾಳಿಗೆ ಹತ್ತಿ ಹತ್ತು ನಿಮಿಷ ನೋಡಿ, ಏನೂ ಕಾಣದೆ ಇಳಿದವರು ಬಹಳ. ಆ ಸಂಖ್ಯೆ ಸುಳ್ಳಲ್ಲ, ಅದು ಆದರ್ಶ ಸ್ಥಿತಿಯ ಲೆಕ್ಕ: ಉಲ್ಕೆಗಳು ಹೊರಡುವಂತೆ ಕಾಣುವ ಬಿಂದು ನೆತ್ತಿಯ ಮೇಲಿರಬೇಕು, ಆಕಾಶ ಪೂರ್ತಿ ಕತ್ತಲಿರಬೇಕು, ಅಡ್ಡ ಮೋಡವಿರಬಾರದು.

ಜೆಮಿನಿಡ್‌ನ ಬಿಂದು ಮಿಥುನ ರಾಶಿಯಲ್ಲಿ, ಪುನರ್ವಸುವಿನ ಜೋಡಿ ಚುಕ್ಕಿಗಳ ಹತ್ತಿರವಿದೆ. ಕೆಂಚನಗುಡ್ಡದ ಅಕ್ಷಾಂಶದಲ್ಲಿ ಅದು ರಾತ್ರಿ ಒಂಬತ್ತಕ್ಕೆ ಪೂರ್ವದಲ್ಲಿ ಇನ್ನೂ ಕೆಳಗಿರುತ್ತದೆ. ಎರಡು ಗಂಟೆ ದಾಟಿದಾಗ ನೆತ್ತಿಯ ಹತ್ತಿರ ಬರುತ್ತದೆ. ಕೆಳಗಿದ್ದಾಗ ಕಾಣುವುದು ಆದರ್ಶ ಸಂಖ್ಯೆಯ ಕಾಲು ಭಾಗದಷ್ಟು ಮಾತ್ರ.

ಬೆಳಕಿನ ಪೆಟ್ಟು ಇದಕ್ಕಿಂತ ದೊಡ್ಡದು. ಬಿಂದು ನೆತ್ತಿಯ ಹತ್ತಿರವಿದ್ದಾಗಿನ ಅಂದಾಜು ನೋಡಿ. ಪೂರ್ತಿ ಕತ್ತಲ ಜಾಗದಲ್ಲಿ 110ರ ಆಸುಪಾಸು. ದೂರದಲ್ಲಿ ಊರ ದೀಪಗಳಿರುವ ಹಳ್ಳಿಯ ಹೊಲದಲ್ಲಿ ನಲವತ್ತು ಚಿಲ್ಲರೆ. ಸಣ್ಣ ಪಟ್ಟಣದಲ್ಲಿ ಹದಿನೈದರಿಂದ ಇಪ್ಪತ್ತು. ದೊಡ್ಡ ನಗರದ ನಡುವೆ ಐದಾರು. ಉಲ್ಕೆಗಳು ಕಡಿಮೆಯಾಗಿರುವುದಿಲ್ಲ, ಮಸುಕಾದವು ದೀಪದ ಬೆಳಕಿನಲ್ಲಿ ಮುಚ್ಚಿಹೋಗಿರುತ್ತವೆ, ಅಷ್ಟೆ. ಬಳ್ಳಾರಿಯಂಥ ನಗರದಲ್ಲಿ ಬೆಳೆದ ಮಗುವಿಗೆ ಇಡೀ ಬಾಲ್ಯದಲ್ಲಿ ಒಂದೆರಡೇ ಉಲ್ಕೆ ಕಂಡರೆ, ಆ ಒಂದೆರಡು ಅಪರೂಪದ ಶಕುನದಂತೆಯೇ ಕಾಣುತ್ತವೆ. ಆಕಾಶ ಬೆಳಕಾದಷ್ಟೂ ಈ ಮೂಢನಂಬಿಕೆಗೆ ಅನುಕೂಲವೇ ಆಗುತ್ತದೆ ಎಂಬುದು ವಿಚಿತ್ರ.

ನೀವೂ ಎಣಿಸಿ

ದೂರದರ್ಶಕ ಬೇಡ, ಬೈನಾಕ್ಯುಲರ್ ಬೇಡ. ಅವು ಆಕಾಶದ ಒಂದು ಚೂರನ್ನು ಮಾತ್ರ ತೋರಿಸುತ್ತವೆ. ಅಂಗಾತ ಮಲಗಿ ಆದಷ್ಟು ಹೆಚ್ಚು ಆಕಾಶ ಕಾಣುವಂತೆ ನೋಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ. ಬ್ಯಾಟರಿಗೆ ಕೆಂಪು ಹಾಳೆ ಸುತ್ತಿಕೊಳ್ಳಿ. ನೇರವಾಗಿ ಮಿಥುನ ರಾಶಿಯನ್ನೇ ದಿಟ್ಟಿಸಬೇಡಿ. ಅಲ್ಲಿಂದ ದೂರದಲ್ಲಿ ಉಲ್ಕೆಗಳ ಗೀರು ಉದ್ದವಿರುತ್ತದೆ. ಒಬ್ಬೊಬ್ಬರು ಒಂದೊಂದು ದಿಕ್ಕು ಹಂಚಿಕೊಂಡು ಕಾಲು ಗಂಟೆಗೊಮ್ಮೆ ಬರೆದಿಡಿ. ನಾಲ್ವರ ಸಂಖ್ಯೆಗಳನ್ನು ಕೂಡಿಸಬೇಡಿ, ಒಂದೇ ಉಲ್ಕೆಯನ್ನು ಇಬ್ಬರು ನೋಡಿರುತ್ತೀರಿ. ಮಿಣುಕುತ್ತಾ ಹೋಗುವುದು ವಿಮಾನ, ಒಂದೇ ಸಮನೆ ನಿಧಾನವಾಗಿ ಸಾಗುವುದು ಉಪಗ್ರಹ. ಉಲ್ಕೆ ಹೆಚ್ಚಾಗಿ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ.

ಹೊಳೆಯ ದಡದಲ್ಲಿ ಒಂದು ಎಚ್ಚರಿಕೆ: ತುಂಗಭದ್ರೆಯಲ್ಲಿ ಮೊಸಳೆಗಳಿವೆ, ರಾತ್ರಿ ನೀರಿನ ಅಂಚಿಗೆ ಹೋಗಬೇಡಿ. ಭತ್ತದ ಗದ್ದೆಯಲ್ಲಿ ಹಾವುಗಳಿರುತ್ತವೆ, ಓಡಾಡುವಾಗ ಬ್ಯಾಟರಿ ಹಾಕಿ. ಹೊಲದ ಯಜಮಾನರಿಗೆ ಮೊದಲೇ ಹೇಳಿ. ಇಬ್ಬನಿಗೆ ಒಂದು ರಗ್ಗು ಹೆಚ್ಚಿಗೆ ಇರಲಿ.

ನಮ್ಮ ಕಡೆಗೆ ಡಿಸೆಂಬರ್ 13-14ರ ಜೆಮಿನಿಡ್ ಒಳ್ಳೆಯದು, ಮೋಡ ಕಡಿಮೆ. ಆಗಸ್ಟ್ 12-13ರ ಪರ್ಸಿಯಿಡ್ ಪ್ರಸಿದ್ಧವಾದರೂ ಮಳೆಗಾಲದ ಮೋಡಕ್ಕೆ ಸಿಕ್ಕಿಬೀಳುತ್ತದೆ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿರುವಂತೆ ಹವ್ಯಾಸಿ ಖಗೋಳ ವೀಕ್ಷಕರ ಸಂಘವೊಂದು ನಿಮ್ಮ ಕಾಲೇಜಿನಲ್ಲಿಯೂ ಇರಬಹುದು. ಇಲ್ಲದಿದ್ದರೆ ನಾಲ್ವರು ಗೆಳೆಯರು ಸಾಕು. ಅಂತರರಾಷ್ಟ್ರೀಯ ಉಲ್ಕಾ ಸಂಸ್ಥೆ ಇಂದಿಗೂ ಹವ್ಯಾಸಿಗಳು ಬರಿಗಣ್ಣಿನಿಂದ ಎಣಿಸಿದ ಲೆಕ್ಕವನ್ನು ಸ್ವೀಕರಿಸುತ್ತದೆ.

ಅಂದು ನಮ್ಮ ಎಣಿಕೆ ಹೀಗಿತ್ತು. ರಾತ್ರಿ ಒಂಬತ್ತರಿಂದ ಹತ್ತರವರೆಗೆ ನನಗೆ ಕಂಡದ್ದು 14. ಒಂದರಿಂದ ಎರಡರವರೆಗೆ 52. ಒಬ್ಬನಿಗೆ 44, ನಿದ್ದೆ ಹೋದ ಇನ್ನೊಬ್ಬನಿಗೆ 9. ಮೊದಲು ಸುಮ್ಮನಿದ್ದ ಗೆಳೆಯ ಆಮೇಲೆ ಪೆನ್ನು ಇಸಿದುಕೊಂಡು ಎಣಿಸತೊಡಗಿದ್ದ. ಆ ಒಂದು ಗಂಟೆಯಲ್ಲಿ ಅವನ ಲೆಕ್ಕ 47.

ಬೆಳಿಗ್ಗೆ ಆರಕ್ಕೆ ಸಿರುಗುಪ್ಪದ ಹೋಟೆಲೊಂದರಲ್ಲಿ ಚಹಾ ಕುಡಿಯುತ್ತಾ ಅವನು ಮನೆಗೆ ಫೋನ್ ಹಚ್ಚಿದ. ಅಮ್ಮ ಎದ್ದಿದ್ದರು, ಎಂಬತ್ತು ದಾಟಿದ ಅಜ್ಜಿ ಅಂಗಳದಲ್ಲಿ ಕೂತಿದ್ದರು. ಫೋನ್ ಇಟ್ಟು, ಹಾಳೆಯಲ್ಲಿ ನಾಲ್ಕು ಮನೆ ಗೀಚಿ, ಎರಡನೆಯ ಮನೆಯಲ್ಲಿ 47 ಎಂದು ಬರೆದ. ಮೊದಲನೆಯ ಮನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದದ್ದು ಒಂದೇ ಒಂದು ಗೆರೆ.